ಕಥೆಯನ್ನು ಕತ್ತರಿಸಿದರೆ ಪಾಠ ಸುಲಭವಾಗುತ್ತದೆಯೇ?

ವಿಶೇಷ ಅಗತ್ಯವುಳ್ಳ ಮಗು ತರಗತಿಯಲ್ಲಿದ್ದರೆ ಕಥೆಯ ಪಾಠವನ್ನು ಆ ಮಗುವಿಗಾಗಿ ಸುಲಭ ಮಾಡಿಕೊಡಬೇಕು. ಸುಲಭ ಮಾಡುವುದೆಂದರೆ ಚಿಕ್ಕದು ಮಾಡುವುದು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಈ ಮಾತನ್ನು ಸಿದ್ಧಾಂತವೆಂದು ಯಾರೂ ಹೇಳುವುದಿಲ್ಲ, ಆದರೆ ನಡೆಯುವ ಕೆಲಸದಲ್ಲಿ ಅದು ಎಲ್ಲೆಡೆ ಇದೆ. ಮೂರು ಪುಟದ ಕಥೆ ಐದು ವಾಕ್ಯಕ್ಕೆ ಇಳಿಯುತ್ತದೆ. ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳ ಜಾಗದಲ್ಲಿ ಬಿಟ್ಟ ಸ್ಥಳ ತುಂಬುವುದು, ಹೊಂದಿಸಿ ಬರೆಯುವುದು ಬಂದು ಕೂರುತ್ತವೆ. ಅದೂ ಆಗದ ಮಗುವಿಗೆ ಕಥೆಯ ಚಿತ್ರಕ್ಕೆ ಬಣ್ಣ ತುಂಬುವ ಕೆಲಸ ಸಿಗುತ್ತದೆ. ಈ ನಂಬಿಕೆಯ ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು. ಪಾಠವನ್ನು ಮಗುವಿಗೆ ಹೊಂದಿಸಲೇಬೇಕು. ಆದರೆ ಹೊಂದಿಸುವುದು ಬೇರೆ, ಕಡಿಮೆ ಮಾಡುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಒಳ್ಳೆಯ ಮನಸ್ಸಿನ ಶಿಕ್ಷಕರ ಶ್ರಮವೇ ಮಗುವಿಗೆ ನಷ್ಟವಾಗುತ್ತಿದೆ.

ಈ ನಂಬಿಕೆಗೆ ಕಾರಣಗಳಿಲ್ಲವೆಂದಲ್ಲ, ಮತ್ತು ಅವು ಹಗುರವಾದ ಕಾರಣಗಳಲ್ಲ. ಉಳಿದ ಮಕ್ಕಳು ಪುಟ ಮುಗಿಸುವ ಹೊತ್ತಿಗೆ ಈ ಮಗು ಮೊದಲ ಸಾಲಿನಲ್ಲೇ ನಿಂತಿರುತ್ತದೆ. ದಿನವೂ ಸೋಲುವ ಮಗು ಶಾಲೆಯನ್ನೇ ದ್ವೇಷಿಸತೊಡಗುತ್ತದೆ. ಐದು ವಾಕ್ಯ ಓದಿ ಮುಗಿಸಿದ ದಿನ ಅದರ ಮುಖ ಅರಳುತ್ತದೆ. ಆ ಸಣ್ಣ ಗೆಲುವನ್ನು ಕೊಡಬೇಕೆಂಬ ಶಿಕ್ಷಕಿಯ ಆಸೆಯಲ್ಲಿ ತಪ್ಪಿಲ್ಲ. ಜೊತೆಗೆ, ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವವರಿಗೆ ಸಮಯವೆಂಬುದು ಇಲ್ಲವೇ ಇಲ್ಲ. ನೆನಪಿನ ಶಕ್ತಿ ಕಡಿಮೆಯಿರುವ ಮಗುವಿಗೆ ಕಡಿಮೆ ವಿಷಯ ಕೊಡಬೇಕೆಂಬುದು ಮೇಲ್ನೋಟಕ್ಕೆ ಸಾಮಾನ್ಯ ತಿಳಿವಳಿಕೆಯ ಮಾತೇ. ವಾದ ನಿಲ್ಲಬೇಕಾದರೆ ಈ ಎಲ್ಲ ಕಾರಣಗಳಿಗೂ ಉತ್ತರ ಕೊಡಬೇಕು.

ಒಂದು ಕಥೆಯನ್ನೇ ತೆಗೆದುಕೊಳ್ಳೋಣ. ‘ಗೋವಿನ ಹಾಡು’ ತಲೆಮಾರುಗಳಿಂದ ಕನ್ನಡದ ಮಕ್ಕಳಿಗೆ ಶಾಲೆಯಲ್ಲಿ ಸಿಕ್ಕಿರುವ ಕಥನಗೀತೆ. ಅದನ್ನು ರೂಢಿಯ ಕ್ರಮದಲ್ಲಿ ಸುಲಭ ಮಾಡಿದರೆ ಹೀಗಾಗುತ್ತದೆ: ಕಾಡಿನಲ್ಲಿ ಒಂದು ಹುಲಿ ಇತ್ತು. ಹುಲಿ ಹಸುವನ್ನು ಹಿಡಿಯಿತು. ಹಸು ಕರುವಿನ ಹತ್ತಿರ ಹೋಯಿತು. ಹಸು ಮರಳಿ ಬಂದಿತು. ಹುಲಿ ಸತ್ತಿತು. ಪ್ರತಿ ವಾಕ್ಯವೂ ಸುಲಭ, ಒಂದೊಂದು ಪದವೂ ಮಗುವಿಗೆ ಗೊತ್ತು. ಆದರೆ ಐದನ್ನೂ ಒಟ್ಟಿಗೆ ಇಟ್ಟುಕೊಂಡು ಅರ್ಥ ಮಾಡಿಕೊಳ್ಳಲು ಹೊರಟರೆ ದೊಡ್ಡವರಿಗೂ ಸಾಧ್ಯವಿಲ್ಲ. ಹಿಡಿದ ಹಸುವನ್ನು ಹುಲಿ ಬಿಟ್ಟದ್ದು ಏಕೆ? ತಪ್ಪಿಸಿಕೊಂಡ ಹಸು ಮರಳಿ ಬಂದದ್ದು ಏಕೆ? ತಿನ್ನಲು ಹಸು ಎದುರಿಗೇ ಇರುವಾಗ ಹುಲಿ ಸತ್ತದ್ದು ಏಕೆ? ಮೂಲದಲ್ಲಿ ಈ ಮೂರಕ್ಕೂ ಉತ್ತರವಿದೆ: ಹಸು ಬೇಡಿಕೊಂಡಿತು, ಹುಲಿ ನಂಬಲಿಲ್ಲ, ಹಸು ಮಾತು ಕೊಟ್ಟಿತು, ಹುಲಿ ಅನುಮಾನದಿಂದಲೇ ಬಿಟ್ಟಿತು, ಕರು ತಡೆದರೂ ಹಸು ಮಾತಿಗಾಗಿ ಹಿಂದಿರುಗಿತು, ಅದನ್ನು ಕಂಡು ಹುಲಿಯ ಮನಸ್ಸು ತಿರುಗಿ ಅದು ತನ್ನ ಪ್ರಾಣವನ್ನೇ ಬಿಟ್ಟಿತು. ಉದ್ದವೆಂದು ಕತ್ತರಿಸಿ ಹಾಕಿದ್ದು ಇದನ್ನೇ. ಉಳಿದದ್ದು ಘಟನೆಗಳ ಪಟ್ಟಿ, ಕಥೆಯಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಬೇಕು, ಕಥೆಯನ್ನು ಹಾಗೆ ಮಾಡಬೇಕಿಲ್ಲ. ಒಂದು ಘಟನೆ ಇನ್ನೊಂದನ್ನು ತಾನಾಗಿ ಎಳೆದು ತರುವುದರಿಂದಲೇ ಕಥೆ ನೆನಪಿನಲ್ಲಿ ಉಳಿಯುತ್ತದೆ. ಹಾಗಾಗಿ ನೆನಪಿನ ಶಕ್ತಿ ಕಡಿಮೆಯಿರುವ ಮಗುವಿಗೆ ಪಟ್ಟಿ ಕೊಡುವುದೆಂದರೆ ಹೆಚ್ಚು ಕಷ್ಟದ್ದನ್ನೇ ಕೊಟ್ಟಂತೆ.

ಇದು ಬರೀ ತರ್ಕದ ಮಾತಲ್ಲ. ಶಾಲಾ ಪಠ್ಯಗಳನ್ನು ಸುಲಭ ಮಾಡಲೆಂದು ವಾಕ್ಯಗಳನ್ನು ತುಂಡರಿಸಿದಾಗ ಏನಾಗುತ್ತದೆಂದು ಆಲಿಸ್ ಡೇವಿಸನ್ ಮತ್ತು ರಾಬರ್ಟ್ ಕ್ಯಾಂಟರ್ 1982ರಲ್ಲೇ ಅಮೆರಿಕದ ಉದಾಹರಣೆಗಳನ್ನಿಟ್ಟು ತೋರಿಸಿದ್ದರು: ವಾಕ್ಯ ಚಿಕ್ಕದಾಗುತ್ತದೆ, ಆದರೆ ವಾಕ್ಯಗಳನ್ನು ಬೆಸೆಯುತ್ತಿದ್ದ ಪದಗಳು ಬಿದ್ದುಹೋಗುವುದರಿಂದ ಸಂಬಂಧವನ್ನು ಓದುಗನೇ ಊಹಿಸಬೇಕಾಗುತ್ತದೆ. ಎರಡು ವರ್ಷಗಳ ನಂತರ ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್ಯೂನ್ ಮತ್ತು ಸಂಗಡಿಗರು ಮೂರನೇ ತರಗತಿಯ ಪಠ್ಯದ ಕಥೆಗಳನ್ನು ತಿದ್ದಿ, ಕಾರಣ ಮತ್ತು ಪರಿಣಾಮಗಳು ಸ್ಪಷ್ಟವಾಗಿ ಕಾಣುವಂತೆ ಬರೆದು ಮಕ್ಕಳಿಗೆ ಕೊಟ್ಟರು. ತಿದ್ದಿದ ಕಥೆಗಳೇ ಮಕ್ಕಳಿಗೆ ಚೆನ್ನಾಗಿ ಅರ್ಥವಾದವು. ಕನ್ನಡದಲ್ಲೂ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ‘ಆದ್ದರಿಂದ’, ‘ಆದರೂ’, ‘ಎಂದುಕೊಂಡು’ ಇಂಥವು ಉದ್ದ ವಾಕ್ಯಗಳಲ್ಲಿ ಇರುತ್ತವೆ, ಮತ್ತು ಕತ್ತರಿ ಮೊದಲು ಬೀಳುವುದು ಅವುಗಳ ಮೇಲೆಯೇ. ಮಗುವಿಗೆ ಊಹಿಸುವುದು ಕಷ್ಟವೆಂದು ನಾವೇ ಹೇಳಿ, ಊಹಿಸಬೇಕಾದ ಜಾಗಗಳನ್ನು ನಾವೇ ಹೆಚ್ಚಿಸುತ್ತೇವೆ.

ಸಂಕ್ಷೇಪದ ಇನ್ನೊಂದು ನಷ್ಟ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಕಥೆ ಖಾಲಿಯಾದಷ್ಟೂ ಕೊನೆಯಲ್ಲಿ ನೀತಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಕೊಟ್ಟ ಮಾತಿಗೆ ತಪ್ಪಬಾರದು ಎಂಬುದನ್ನು ಮಗು ಬರೆದುಕೊಂಡು ಒಪ್ಪಿಸುತ್ತದೆ. ಆದರೆ ಮಾತು ಉಳಿಸಿಕೊಳ್ಳುವುದು ಎಷ್ಟು ಕಷ್ಟ, ಅದಕ್ಕಾಗಿ ಹಸು ಏನನ್ನು ಬಿಟ್ಟು ಬಂದಿತು ಎಂಬುದು ಐದು ವಾಕ್ಯಗಳಲ್ಲಿ ಎಲ್ಲಿಯೂ ಇಲ್ಲ. ಉಳಿದ ಮಕ್ಕಳು ಕಥೆಯ ಮೂಲಕ ತಾವೇ ತಲುಪುವ ತೀರ್ಮಾನವನ್ನು ಈ ಮಗು ಅಪ್ಪಣೆಯಾಗಿ ಪಡೆಯುತ್ತದೆ. ಸಾವು, ಅಗಲಿಕೆಯಂಥ ಪ್ರಸಂಗಗಳನ್ನು ‘ಪಾಪ, ಈ ಮಗುವಿಗೆ ಬೇಡ’ ಎಂದು ತೆಗೆಯುವುದೂ ಇದೇ ಜಾತಿಯ ಕೆಲಸ. ದುಃಖ ತಿಳಿಯದಷ್ಟು ದೂರದಲ್ಲಿ ಆ ಮಗು ಬದುಕುತ್ತಿಲ್ಲ.

ಹಾಗಾದರೆ ಗೊಂದಲ ಹುಟ್ಟುವುದು ಎಲ್ಲಿ? ‘ಪಾಠ ಕಷ್ಟ’ ಎಂದಾಗ ಮೂರು ಬೇರೆ ಬೇರೆ ಕಷ್ಟಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ.

1. ಅಕ್ಷರದ ಕಷ್ಟ: ಬರೆದದ್ದನ್ನು ಕಣ್ಣಿನಿಂದ ಅಥವಾ ಬೆರಳಿನಿಂದ ಗುರುತಿಸಿ ಮಾತಾಗಿಸಿಕೊಳ್ಳಲಾಗದಿರುವುದು.

2. ಭಾಷೆಯ ಕಷ್ಟ: ಮಾತಾದ ಮೇಲೂ ಪದಗಳು, ವಾಕ್ಯರಚನೆ ತಿಳಿಯದಿರುವುದು.

3. ಕಥೆಯ ಕಷ್ಟ: ಯಾರು ಏನನ್ನು ಬಯಸಿದರು, ಏನನ್ನು ನಂಬಿದರು, ಯಾವುದರಿಂದ ಯಾವುದು ಆಯಿತು ಎಂಬುದನ್ನು ಜೋಡಿಸಿಕೊಳ್ಳಲಾಗದಿರುವುದು.

ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರ ಬಿಡಿಸುವ ಸಾಮರ್ಥ್ಯವನ್ನು ಕೇಳಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯದಿಂದ ಗುಣಿಸಿದರೆ ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಸಿಗುತ್ತದೆ. ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆ. ಆದ್ದರಿಂದ ಸೊನ್ನೆ ಬಂದಿದೆ ಎಂಬುದಷ್ಟನ್ನೇ ನೋಡಿ ಅದು ಯಾವ ಕಡೆಯಿಂದ ಬಂದಿತೆಂದು ಹೇಳಲಾಗದು. ಕನ್ನಡದ ಮಟ್ಟಿಗೆ ಈ ಎಚ್ಚರ ಇನ್ನಷ್ಟು ಬೇಕು. ನಮ್ಮ ವರ್ಣಮಾಲೆ ಕಲಿತರೆ ಕೆಲಸ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರಗಳು ಸೇರಿ ನೂರಾರು ರೂಪಗಳಾಗುತ್ತವೆ. ಕನ್ನಡ ಮಾಧ್ಯಮದ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರ ಲೇಖನದಲ್ಲಿ ತೋರಿಸಿದಂತೆ, ಅಕ್ಷರಜ್ಞಾನ ಗಟ್ಟಿಯಾಗಲು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಹಲವು ವರ್ಷ ಬೇಕು. ಹೀಗಿರುವಾಗ ಡಿಸ್ಲೆಕ್ಸಿಯಾ ಇರುವ ಮಗು ಮೂರನೇ ತರಗತಿಯಲ್ಲಿ ಒಂದು ಪುಟ ಓದಲಾರದೆ ತಡವರಿಸಿದರೆ, ಅದರಿಂದ ಆ ಮಗುವಿಗೆ ಕಥೆ ಅರ್ಥವಾಗದು ಎಂಬ ತೀರ್ಮಾನ ಹೊರಡುವುದಿಲ್ಲ. ಅದೇ ಮಗು ಅಜ್ಜಿ ಹೇಳಿದ ಉದ್ದನೆಯ ಕಥೆಯನ್ನು ಎಳೆ ಬಿಡದೆ ತಮ್ಮನಿಗೆ ಹೇಳಬಲ್ಲದು. ಕಷ್ಟವಿರುವುದು ಮೊದಲನೆಯದರಲ್ಲಿ, ನಾವು ಕತ್ತರಿಸುವುದು ಮೂರನೆಯದನ್ನು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅಷ್ಟೂ ಮಕ್ಕಳಿಗೆ ‘ಚಿಕ್ಕದು ಮಾಡು’ ಎಂಬ ಒಂದೇ ಮದ್ದು ಹೊಂದುವುದೆಂದು ನಂಬಲು ಯಾವ ಆಧಾರವೂ ಇಲ್ಲ. ದೃಷ್ಟಿದೋಷವುಳ್ಳ ಮಗುವಿಗೆ ಕಥೆ ಒಂದಕ್ಷರವೂ ಕಡಿಮೆಯಾಗಬೇಕಿಲ್ಲ. ಬ್ರೈಲ್ ಪ್ರತಿ ಬೇಕು, ಧ್ವನಿಮುದ್ರಣ ಬೇಕು, ಚಿತ್ರದಲ್ಲಿ ಮಾತ್ರ ಇರುವ ಸಂಗತಿಯನ್ನು ಮಾತಿನಲ್ಲಿ ಹೇಳುವವರು ಬೇಕು. ‘ಗೋವಿನ ಹಾಡಿ’ನಲ್ಲಿ ಗೊಲ್ಲ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಭಾಗವನ್ನು ಸಂಕ್ಷೇಪ ಮಾಡುವವರು ಮೊದಲು ತೆಗೆಯುತ್ತಾರೆ. ಕಿವಿಯಿಂದಲೇ ಲೋಕವನ್ನು ಕಟ್ಟಿಕೊಳ್ಳುವ ಮಗುವಿಗೆ ಇಡೀ ಪಾಠದಲ್ಲಿ ಹೆಚ್ಚು ಸಂತೋಷ ಕೊಡುವ ಭಾಗ ಅದೇ ಆಗಿರಬಹುದು. ಹುಟ್ಟಿನಿಂದ ಕಿವಿ ಕೇಳಿಸದ ಮಗುವಿನ ಸ್ಥಿತಿ ಬೇರೆ. ಅದಕ್ಕೆ ಬರೆದ ಕನ್ನಡ ಒಂದು ಎರಡನೆಯ ಭಾಷೆ. ಮೊದಲು ಭಾರತೀಯ ಸನ್ನೆ ಭಾಷೆಯಲ್ಲಿ ಇಡೀ ಕಥೆ ಸಿಕ್ಕಿದರೆ, ನಂತರ ಪುಟದ ಮೇಲಿನ ಕನ್ನಡವನ್ನು ಗೊತ್ತಿರುವ ಕಥೆಯ ಬೆಳಕಿನಲ್ಲಿ ಓದಬಹುದು. ಸೆರೆಬ್ರಲ್ ಪಾಲ್ಸಿಯಿಂದ ಕೈ ಮತ್ತು ನಾಲಿಗೆ ಹಿಡಿತಕ್ಕೆ ಸಿಗದ ಮಗುವಿಗೆ ಕಥೆ ಪೂರ್ತಿ ಅರ್ಥವಾಗಿರಬಹುದು, ಅರ್ಥವಾದದ್ದನ್ನು ತೋರಿಸುವ ದಾರಿಯಷ್ಟೇ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಕಣ್ಣಿನಿಂದ ತೋರಿಸಬಹುದಾದ ಚಿತ್ರಫಲಕ ಮತ್ತು ಕಾಯುವ ತಾಳ್ಮೆ.

ಆಟಿಸಂ ಇರುವ ಮಗುವಿನ ವಿಷಯ ಇನ್ನೂ ಗಮನಾರ್ಹ. ಇನ್ನೊಬ್ಬರ ಮನಸ್ಸಿನಲ್ಲಿರುವ ತಪ್ಪು ನಂಬಿಕೆಯನ್ನು ಊಹಿಸುವುದು ಇಂಥ ಹಲವು ಮಕ್ಕಳಿಗೆ ಕಷ್ಟವೆಂದು ಸೈಮನ್ ಬ್ಯಾರನ್ ಕೊಹೆನ್, ಆಲನ್ ಲೆಸ್ಲಿ, ಉಟಾ ಫ್ರಿತ್ 1985ರ ಪ್ರಸಿದ್ಧ ಪ್ರಯೋಗದಲ್ಲಿ ವಾದಿಸಿದರು. ಕಷ್ಟ ಎರಡೂ ಕಡೆಗಿದೆ, ಆಟಿಸಂ ಇರುವವರ ಮನಸ್ಸನ್ನು ಅರಿಯುವುದರಲ್ಲಿ ಉಳಿದವರೂ ಸೋಲುತ್ತಾರೆ ಎಂದು ಡೇಮಿಯನ್ ಮಿಲ್ಟನ್ 2012ರಲ್ಲಿ ತಿದ್ದಿದರು. ಆ ತಿದ್ದುಪಡಿ ನ್ಯಾಯವಾದದ್ದು. ಯಾವುದನ್ನು ಒಪ್ಪಿದರೂ ಪಾಠದ ಮಟ್ಟಿಗೆ ಬರುವ ಫಲ ಒಂದೇ. ‘ಗೋವಿನ ಹಾಡಿ’ನ ಹಸು ಪುಣ್ಯಕೋಟಿ ಮರಳಿ ಬರುವುದಿಲ್ಲವೆಂದು ಹುಲಿ ನಂಬಿದೆ, ಬರುತ್ತೇನೆಂದು ಪುಣ್ಯಕೋಟಿಗೆ ಗೊತ್ತಿದೆ. ಕಥೆ ನಿಂತಿರುವುದು ಈ ಅಂತರದ ಮೇಲೆ. ಈ ಮಗುವಿಗಾಗಿ ಪಾಠವನ್ನು ಹೊಂದಿಸುವುದೆಂದರೆ, ಹುಲಿ ಮನಸ್ಸಿನಲ್ಲಿ ಏನೆಂದುಕೊಂಡಿತು, ಕರು ಏನೆಂದುಕೊಂಡಿತು ಎಂಬುದನ್ನು ಬಿಡಿಸಿ ಹೇಳುವ ವಾಕ್ಯಗಳನ್ನು ಸೇರಿಸುವುದು. ಅಂದರೆ ಕಥೆ ಮೂಲಕ್ಕಿಂತ ಉದ್ದವಾಗುತ್ತದೆ. ಹೊಂದಿಸುವುದು ಮತ್ತು ಕಡಿಮೆ ಮಾಡುವುದು ಒಂದೇ ಎಂಬ ನಂಬಿಕೆ ಇಲ್ಲಿ ಪೂರ್ತಿ ಮುರಿದುಬೀಳುತ್ತದೆ.

ದಾರಿ ಬದಲಾದರೆ ಕಥೆ ಕೀಳಾಗುತ್ತದೆಂಬ ಅಳುಕು ಕನ್ನಡದವರಿಗಂತೂ ಇರಬಾರದು. ಕರಾವಳಿಯಲ್ಲಿ ಒಂದೇ ಪ್ರಸಂಗ ಯಕ್ಷಗಾನದ ರಂಗದ ಮೇಲೆ ವೇಷ ಮತ್ತು ಕುಣಿತದೊಡನೆ ನಡೆಯುತ್ತದೆ, ತಾಳಮದ್ದಳೆಯಲ್ಲಿ ವೇಷವೂ ಕುಣಿತವೂ ಇಲ್ಲದೆ ಬರೀ ಹಾಡು ಮತ್ತು ಮಾತಿನಲ್ಲಿ ನಡೆಯುತ್ತದೆ. ತಾಳಮದ್ದಳೆಯನ್ನು ಅರೆಬರೆ ಯಕ್ಷಗಾನವೆಂದು ಯಾರೂ ಕರೆಯುವುದಿಲ್ಲ. ಕುಣಿತ ಬಿಟ್ಟದ್ದನ್ನು ಅದು ಅರ್ಥಗಾರಿಕೆಯಲ್ಲಿ ತುಂಬಿಕೊಂಡು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಈಗ ಆಕ್ಷೇಪಗಳು. ಬೌದ್ಧಿಕ ವೈಕಲ್ಯವಿರುವ ಮಗುವಿನ ಮಾತೇನು? ಕಷ್ಟ ಮೂರನೆಯದರಲ್ಲೇ ಇರುವಾಗ ಕಥೆಯನ್ನು ಕಡಿಮೆ ಮಾಡದೆ ಗತಿಯಿಲ್ಲವಲ್ಲ? ಇಲ್ಲಿ ಕಡಿಮೆ ಮಾಡಲೇಬೇಕು. ಇದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಯಾವುದನ್ನು ತೆಗೆಯಬೇಕು ಎಂಬುದಕ್ಕೆ ಪುಟದ ಅಳತೆ ಆಧಾರವಾಗಬಾರದು. ಪ್ರತಿ ಕಥೆಗೂ ಒಂದು ಗಂಟು ಇರುತ್ತದೆ. ಪುಣ್ಯಕೋಟಿಯ ಕಥೆಯಲ್ಲಿ ಅದು ಮಾತು ಕೊಟ್ಟದ್ದು, ನಂಬದಿದ್ದದ್ದು, ಆದರೂ ಬಂದದ್ದು. ಹುಲಿಗೆ ಅರ್ಬುತನೆಂಬ ಹೆಸರಿದೆ ಎಂಬುದನ್ನು ಬಿಡಬಹುದು, ಕಾಡು ಬೆಟ್ಟಗಳ ವರ್ಣನೆಯನ್ನು ಬಿಡಬಹುದು, ಪುಣ್ಯಕೋಟಿ ಕರುವನ್ನು ಒಪ್ಪಿಸಿ ಬರುವ ಬಂಧುಗಳಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳಬಹುದು. ಗಂಟನ್ನು ಮಾತ್ರ ಬಿಡುವಂತಿಲ್ಲ. ಬದಲಿಗೆ ಅದನ್ನು ಬೊಂಬೆ ಹಿಡಿದು ಆಡಿಸಬೇಕು, ಮಕ್ಕಳೇ ಹುಲಿಯಾಗಿ ಹಸುವಾಗಿ ಆಡಬೇಕು, ನಾಳೆ ನಾಡಿದ್ದು ಮತ್ತೆ ಹೇಳಬೇಕು. ಮಗು ಒಂದು ‘ಏಕೆ’ಗೆ ಉತ್ತರ ಕೊಟ್ಟರೆ, ಮಾತಿನಲ್ಲಾಗಲಿ ಚಿತ್ರ ತೋರಿಸಿಯಾಗಲಿ, ಪಾಠ ತಲುಪಿದೆ. ‘ಕಾಡಿನಲ್ಲಿ ಯಾವ ಪ್ರಾಣಿ ಇತ್ತು’ ಎಂಬುದಕ್ಕೆ ಉತ್ತರ ಸಿಕ್ಕರೆ ತಲುಪಿದಂತಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಭಾಷಾ ಪಾಠವಿರುವುದೇ ಓದು ಕಲಿಸಲು. ಓದಲಾರದ ಮಗುವಿಗೆ ಕಥೆಯನ್ನು ಕೇಳಿಸಿಬಿಟ್ಟರೆ ಅದು ಓದು ಕಲಿಯುವುದು ಯಾವಾಗ? ಈ ಅಪಾಯ ನಿಜ. ಧ್ವನಿಮುದ್ರಣ ಹಚ್ಚಿ ಅಕ್ಷರ ಕಲಿಸುವುದನ್ನೇ ಕೈಬಿಡುವ ಶಾಲೆ ಆ ಮಗುವಿಗೆ ಅನ್ಯಾಯ ಮಾಡುತ್ತದೆ. ಆದರೆ ಉತ್ತರ ಕಥೆಯನ್ನು ತಡೆಹಿಡಿಯುವುದಲ್ಲ. ಅಕ್ಷರಾಭ್ಯಾಸಕ್ಕೆ ಬೇರೆ ಸಮಯ, ಬೇರೆ ಸಾಮಗ್ರಿ ಇರಬೇಕು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿಕಲಿ ಪದ್ಧತಿಯ ಕಾರ್ಡುಗಳು, ಕಲಿಕಾ ಏಣಿ ಇದಕ್ಕೆ ಸರಿಯಾಗಿ ಒದಗುತ್ತವೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಏರಬಹುದೆಂಬುದೇ ಅದರ ಮೂಲ ವಿಚಾರ. ಇನ್ನು ಮತ್ತೆ ಆ ಗುಣಾಕಾರಕ್ಕೆ ಬಂದರೆ, ಓದಲು ಬರುವವರೆಗೂ ಕಥೆಯಿಲ್ಲ ಎಂದು ಮಗುವನ್ನು ಕಾಯಿಸಿದಾಗ ಆ ವರ್ಷಗಳಲ್ಲಿ ಎರಡನೆಯ ಸಂಖ್ಯೆಯೂ, ಅಂದರೆ ಕೇಳಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯವೂ, ಕುಗ್ಗುತ್ತದೆ. ಉಳಿದ ಮಕ್ಕಳು ನೂರು ಕಥೆಗಳಿಂದ ಪದಗಳನ್ನೂ ಲೋಕಜ್ಞಾನವನ್ನೂ ಪಡೆದಿರುವಾಗ ಈ ಮಗು ‘ಬಸವನು ಬಸ್ಸಿನಲ್ಲಿ ಬಂದನು’ ಎಂಬಂಥ ಸಾಲುಗಳಲ್ಲೇ ಬೆಳೆದಿರುತ್ತದೆ. ಕೊನೆಗೆ ಅಕ್ಷರ ಕೈಗೆ ಬಂದ ದಿನ, ಓದಿದ್ದನ್ನು ಅರ್ಥಮಾಡಿಕೊಳ್ಳಲು ಬೇಕಾದ ಬಂಡವಾಳವೇ ಇರುವುದಿಲ್ಲ.

ಪರೀಕ್ಷೆಯ ನ್ಯಾಯದ ಪ್ರಶ್ನೆಯನ್ನು ಹೆಚ್ಚು ಎಳೆಯಬೇಕಿಲ್ಲ. ಒಬ್ಬರು ಬರೆಯುವಾಗ ಇನ್ನೊಬ್ಬರು ಬಾಯಲ್ಲಿ ಹೇಳುವುದು ಸರಿಯೇ ಎಂದರೆ, ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಮರುಪ್ರಶ್ನೆ ಹಾಕಬೇಕು. ಅಳೆಯುವುದು ಕಥೆಯ ತಿಳಿವಳಿಕೆಯನ್ನಾದರೆ ಬಾಯುತ್ತರ, ಚಿತ್ರದ ಉತ್ತರ, ಸನ್ನೆಯ ಉತ್ತರ ಎಲ್ಲವೂ ಸಮ. ಅಳೆಯುವುದು ಶುದ್ಧ ಬರಹವನ್ನಾದರೆ ಬೇರೊಬ್ಬರ ಕೈಯಿಂದ ಬರೆಸಿದ ಉತ್ತರ ಅದನ್ನು ಅಳೆಯುವುದಿಲ್ಲ, ಅದನ್ನು ಹಾಗೆಂದೇ ಗುರುತಿಸಬೇಕು. ಎರಡನ್ನೂ ಒಂದೇ ಅಂಕದಲ್ಲಿ ಕಲಸುವುದು ಯಾವ ಮಗುವಿಗೂ ಒಳ್ಳೆಯದಲ್ಲ.

ಉಳಿದದ್ದು ಶಿಕ್ಷಕರ ಆಕ್ಷೇಪ: ಇದೆಲ್ಲ ಸರಿ, ಒಂದು ಪಾಠಕ್ಕೆ ಐದು ರೂಪ ತಯಾರಿಸುವವರು ಯಾರು? ಇದಕ್ಕೆ ‘ಮನಸ್ಸಿದ್ದರೆ ಮಾರ್ಗ’ ಎಂದು ಉತ್ತರ ಕೊಡುವವರು ತರಗತಿಯನ್ನು ನೋಡಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಶಾಲೆಯಿಂದ ಶಾಲೆಗೆ ಅಲೆಯುವ ಬಿಐಇಆರ್‌ಟಿ ಶಿಕ್ಷಕರು ಪ್ರತಿ ಪಾಠಕ್ಕೂ ಪಕ್ಕದಲ್ಲಿ ಕೂರಲಾರರು. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ; ಹೊಣೆ ಯಾರದೆಂಬುದನ್ನು ಸರಿಯಾದ ಕಡೆಗೆ ತಿರುಗಿಸುತ್ತದೆ. ಪಾಠವನ್ನು ಬರೆಸುವುದು, ಅಚ್ಚು ಹಾಕಿಸುವುದು ಸರ್ಕಾರ. ಹಾಗಿರುವಾಗ ಅದನ್ನು ಹೊಂದಿಸುವ ಕೆಲಸ ಮಾತ್ರ ಸಾವಿರಾರು ಶಿಕ್ಷಕರು ಒಬ್ಬೊಬ್ಬರಾಗಿ ರಾತ್ರಿ ಕೂತು ಮಾಡಬೇಕಾದದ್ದು ಏಕೆ? 2016ರ ಕಾಯ್ದೆಯ 17ನೇ ಕಲಮು ಬ್ರೈಲ್, ಸನ್ನೆ ಭಾಷೆ ಮೊದಲಾದ ಮಾರ್ಗಗಳ ಬಳಕೆಯನ್ನು ಬೆಳೆಸುವುದನ್ನೂ, ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಯಲ್ಲಿ ತಕ್ಕ ಮಾರ್ಪಾಡು ಮಾಡುವುದನ್ನೂ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆಯೇ ಹೊರಿಸಿದೆ. ಮಾಡಿ ತೋರಿಸಿದ ಉದಾಹರಣೆಯೂ ಇದೆ: ಎನ್‌ಸಿಇಆರ್‌ಟಿ ತನ್ನ ‘ಬರ್ಖಾ’ ಕಥಾಮಾಲೆಯನ್ನು ಎಲ್ಲ ಮಕ್ಕಳೂ ಒಟ್ಟಿಗೆ ಓದುವಂತೆ ಧ್ವನಿ, ಸನ್ನೆ ಭಾಷೆ, ಮುಟ್ಟಿ ತಿಳಿಯುವ ಚಿತ್ರಗಳೊಡನೆ ಮರುರೂಪಿಸಿದೆ. ಮೊದಲೇ ಹಲವು ದಾರಿಗಳನ್ನಿಟ್ಟು ಪಾಠ ಕಟ್ಟಿದರೆ ನಂತರ ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ಯಾವ ವೈಕಲ್ಯವೂ ಇಲ್ಲದೆ, ಮನೆಯಲ್ಲಿ ತುಳುವೋ ಲಂಬಾಣಿಯೋ ಉರ್ದುವೋ ಆಡುವ ಮಗುವಿಗೂ ಅದೇ ಧ್ವನಿಮುದ್ರಣ ಆಸರೆಯಾಗುತ್ತದೆ.

ಆದ್ದರಿಂದ ಪಠ್ಯಪುಸ್ತಕ ಸಂಘವನ್ನೂ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯನ್ನೂ ಕೇಳಬೇಕಾದದ್ದು ಇಷ್ಟು. ಒಂದರಿಂದ ಐದನೇ ತರಗತಿಯವರೆಗಿನ ಪ್ರತಿ ಕಥೆಯ ಪಾಠಕ್ಕೂ ಪೂರ್ತಿ ಕಥೆಯ ಧ್ವನಿಮುದ್ರಣ ಮತ್ತು ಸನ್ನೆ ಭಾಷೆಯ ವಿಡಿಯೊ ಪುಸ್ತಕದ ಕ್ಯೂಆರ್ ಕೋಡಿನ ಹಿಂದೆ ಇರಲಿ. ನೆಟ್‌ವರ್ಕ್ ಸಿಗದ ಊರುಗಳಿಗೆ ಅದು ಪೆನ್‌ಡ್ರೈವ್‌ನಲ್ಲಿ ತಲುಪಲಿ. ಶಾಲೆ ತೆರೆಯುವ ದಿನ ಬ್ರೈಲ್ ಪ್ರತಿ ಮಗುವಿನ ಕೈಯಲ್ಲಿರಲಿ. ಶಿಕ್ಷಕರ ಕೈಪಿಡಿಯಲ್ಲಿ ಪ್ರತಿ ಕಥೆಗೆ ಒಂದು ಪುಟ ಮೀಸಲಿಟ್ಟು, ಈ ಕಥೆಯ ಗಂಟು ಯಾವುದು, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು, ಕೇಳಲೇಬೇಕಾದ ‘ಏಕೆ’ ಪ್ರಶ್ನೆ ಯಾವುದು ಎಂದು ಬರೆಯಲಿ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳು ಪ್ರಾಥಮಿಕ ಶಾಲೆಯನ್ನು ದಾಟಿ ಹೋಗಿದ್ದಾರೆ.